ಕರಿಕೆಯ ಇಡುಗಂಟು

ಮಸಗುಪ್ಪಿಯಂಥ ಊರಿನಲ್ಲಿ ಮನೆಯ ಹಿಂದೆ ಎರಡು ಗುಂಟೆ ಹಿತ್ತಲು ಇದೆ ಎಂದುಕೊಳ್ಳಿ. ಘಟಪ್ರಭೆಯ ದಂಡೆಯ ಎರೆ ಮಣ್ಣು. ಮನೆಯ ಹಿರಿಯರು ಬಗ್ಗಿ ಕೆಲಸ ಮಾಡಲಾರದಂತಾದರು, ಮಕ್ಕಳು ಗೋಕಾಕಕ್ಕೋ ಬೆಳಗಾವಿಗೋ ದುಡಿಯಲು ಹೋದರು. ನಾಲ್ಕು ವರ್ಷ ಅತ್ತ ಯಾರೂ ಕಾಲಿಡಲಿಲ್ಲ. ಮೆಂತ್ಯೆ, ಬದನೆ, ಮೆಣಸಿನಗಿಡ ಹಚ್ಚುತ್ತಿದ್ದ ಮಡಿಗಳ ಗುರುತೂ ಈಗ ಉಳಿದಿಲ್ಲ. ನೆಲದ ತುಂಬ ಕರಿಕೆ ಚಾಪೆ ಹಾಸಿದೆ. ಅದರ ನಡುನಡುವೆ ಜೇಕಿನ ಮೂರು ಮೂಲೆಯ ದಂಟು ತಲೆಯೆತ್ತಿದೆ. ಬೇಲಿಯ ಬದಿಗೆ ಕಾಂಗ್ರೆಸ್ ಕಸ ಎದೆಮಟ್ಟ ಬೆಳೆದು ಬಿಳಿ ಹೂ ಬಿಟ್ಟಿದೆ.

ಇದನ್ನು ಹಸನು ಮಾಡಿ ಮತ್ತೆ ಕಾಯಿಪಲ್ಲೆ ಬೆಳೆಯಬೇಕು. ಮೊದಲು ಹೊಳೆಯುವ ಉಪಾಯ ಎಲ್ಲರದೂ ಒಂದೇ: ಮೇಲಿನದನ್ನು ಕೊಯ್ದು ಹಾಕುವುದು, ಟ್ರ್ಯಾಕ್ಟರ್ ಕರೆಸಿ ರೋಟಾವೇಟರ್ ಹೊಡೆಸುವುದು. ಒಂದು ತಾಸಿನಲ್ಲಿ ನೆಲ ಹಿಟ್ಟಿನಂತಾಗುತ್ತದೆ, ನೋಡಲು ಚೆಂದ. ಮಿರಗದ ಮಳೆ ಬಿದ್ದ ಹದಿನೈದು ದಿನಕ್ಕೆ ಅದೇ ಹಿತ್ತಲು ಮೊದಲಿಗಿಂತ ದಟ್ಟವಾಗಿ ಹಸಿರಾಗುತ್ತದೆ. ದುಡ್ಡು ಹೋಯಿತು, ಹಂಗಾಮೂ ಹೋಯಿತು.

ಹೀಗೇಕಾಗುತ್ತದೆ? ಕಣ್ಣಿಗೆ ಕಾಣುವ ಹುಲ್ಲು ಆ ಗಿಡದ ಪೂರ್ತಿ ದೇಹವಲ್ಲ, ಅದು ದಿನದ ಖರ್ಚಿಗೆ ದುಡಿಯುವ ಕೈ ಮಾತ್ರ. ಗಿಡದ ಇಡುಗಂಟು ಮಣ್ಣಿನೊಳಗಿದೆ. ಕನ್ನಡದಲ್ಲಿ ‘ಗಂಟು’ ಎಂದರೆ ಕಾಂಡದ ಗಿಣ್ಣೂ ಹೌದು, ಕಷ್ಟಕಾಲಕ್ಕೆಂದು ಕೂಡಿಟ್ಟ ಸಂಪತ್ತೂ ಹೌದು. ಕರಿಕೆಯ ವಿಷಯದಲ್ಲಿ ಈ ಎರಡು ಅರ್ಥಗಳೂ ಒಂದೇ ಕಡೆ ಸೇರುತ್ತವೆ. ಹಿತ್ತಲು ಹಸನು ಮಾಡುವುದೆಂದರೆ ಆ ಗಂಟು ಎಲ್ಲಿದೆ ಎಂದು ತಿಳಿದು ಅದನ್ನು ಕರಗಿಸುವುದು.

ಲೆಕ್ಕವನ್ನೂ ನೋಡೋಣ. ಒಂದು ಗುಂಟೆ 1,089 ಚದರ ಅಡಿ, ಸುಮಾರು 101 ಚದರ ಮೀಟರ್. ಎರಡು ಗುಂಟೆಯಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣನ್ನಷ್ಟೇ ಎಣಿಸಿದರೂ 30 ಘನ ಮೀಟರ್ ಆಯಿತು, ತೂಕ 35ರಿಂದ 40 ಟನ್. ಕುಡಗೋಲು ಮುಟ್ಟುವುದು ಮೇಲಿನ ಕೆಲವು ನೂರು ಕಿಲೋ ಹುಲ್ಲನ್ನು. ನಿಜವಾದ ಕೆಲಸ ಇರುವುದು ಆ 40 ಟನ್ ಮಣ್ಣಿನೊಳಗೆ.

ಗಿಣ್ಣಿಗೊಂದು ಬದುಕು

ಕರಿಕೆಯನ್ನು ದಕ್ಷಿಣದವರು ಗರಿಕೆ ಎನ್ನುತ್ತಾರೆ, ನಮ್ಮ ಗಡಿಯಾಚೆಯ ಮರಾಠಿಗರು ಹರಳಿ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಅದಕ್ಕೆ ಎರಡು ಬಗೆಯ ಓಡುಕಾಂಡಗಳಿವೆ. ಒಂದು ನೆಲದ ಮೇಲೆ ಹರಿದಾಡುತ್ತದೆ, ಇನ್ನೊಂದು ನೆಲದೊಳಗೆ ಬಿಳಿ ಹುರಿಯಂತೆ ಸಾಗುತ್ತದೆ. ಎರಡರಲ್ಲೂ ಸಾಲಾಗಿ ಗಿಣ್ಣುಗಳು. ಪ್ರತಿ ಗಿಣ್ಣಿನಲ್ಲೂ ಮಲಗಿದ ಮೊಗ್ಗು ಇದೆ, ಬೇರು ಬಿಡುವ ಶಕ್ತಿಯಿದೆ, ಅದಕ್ಕೆ ಬೇಕಾದ ಪಿಷ್ಟ ಪಕ್ಕದ ಕಾಂಡದಲ್ಲೇ ತುಂಬಿದೆ. ಒಂದು ಬೆರಳುದ್ದದ ತುಂಡಿನಲ್ಲಿ ಒಂದೇ ಒಂದು ಜೀವಂತ ಗಿಣ್ಣು ಇದ್ದರೂ ಸಾಕು, ಹೊಸ ಗಿಡವಾಗುತ್ತದೆ.

ಯಜುರ್ವೇದದಲ್ಲಿ ದೂರ್ವೆಯನ್ನು, ಅಂದರೆ ಇದೇ ಕರಿಕೆಯನ್ನು, ಗಿಣ್ಣು ಗಿಣ್ಣಿನಿಂದ ಮೊಳೆಯುವವಳೆಂದೂ ನೂರು, ಸಾವಿರವಾಗಿ ಹಬ್ಬಿಸುವವಳೆಂದೂ ಸ್ತುತಿಸಲಾಗಿದೆ. ಗಣಪತಿಯ ಹಬ್ಬಕ್ಕೆ ಕರಿಕೆ ಏರಿಸುವ ನಮ್ಮ ಮನೆಗಳಲ್ಲಿ ವಂಶ ಕರಿಕೆಯಂತೆ ಹಬ್ಬಲಿ ಎಂದು ಹರಸುತ್ತಾರೆ. ಪೂಜಿಸಿದವರು ಈ ಹುಲ್ಲನ್ನು ಚೆನ್ನಾಗಿ ನೋಡಿಯೇ ಪೂಜಿಸಿದ್ದಾರೆ. ರೋಟಾವೇಟರ್ ಏನು ಮಾಡುತ್ತದೆಂದು ಈಗ ಯೋಚಿಸಿ. ಒಂದು ಮಾರುದ್ದದ ಬಳ್ಳಿಯನ್ನು ಅದು ನಲವತ್ತು ತುಂಡು ಮಾಡಿ, ಹದವಾದ ಮಣ್ಣಿನಲ್ಲಿ ಸಮನಾಗಿ ಹೂಳುತ್ತದೆ. ಕಬ್ಬಿನ ಬೀಜವನ್ನು ನಾವು ಹಚ್ಚುವುದೂ ಹೀಗೆಯೇ: ಕಣ್ಣಿರುವ ತುಂಡು ಕಡಿದು ಸಾಲಿನಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತೇವೆ. ರೋಟಾವೇಟರ್ ಹೊಡೆಸಿದವರು ತಮಗರಿವಿಲ್ಲದೆ ಕರಿಕೆ ನಾಟಿ ಮಾಡಿಸಿರುತ್ತಾರೆ.

ಕಬ್ಬಿನ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಸಾಮಾನ್ಯ ಗಿಡಗಳು ಬಿಸಿಲೇರಿದಾಗ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನೂ ಹಿಡಿದುಕೊಂಡು ಗಳಿಸಿದ್ದರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತವೆ. ಕೆಲವು ಗಿಡಗಳು ಈ ಸೋರಿಕೆಯನ್ನು ತಡೆಯುವ ಉಪಾಯ ಕಂಡುಕೊಂಡಿವೆ. ಎಲೆಯ ಹೊರಗಿನ ಕೋಶಗಳು ಇಂಗಾಲದ ಡೈಆಕ್ಸೈಡನ್ನು ಹಿಡಿದು ನಾಲ್ಕು ಇಂಗಾಲದ ಆಮ್ಲವಾಗಿಸಿ, ನಾಳಗಳ ಸುತ್ತಲಿನ ಒಳಕೋಶಗಳಿಗೆ ಒತ್ತೊತ್ತಾಗಿ ತುಂಬುತ್ತವೆ. ಇದಕ್ಕೆ ಸಿ-4 ದಾರಿ ಎಂದು ಹೆಸರು. ಇದನ್ನು ಬಿಡಿಸಿ ತೋರಿಸಿದವರು ಮಾರ್ಷಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್. 1966ರಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ, ಕಬ್ಬಿನ ಎಲೆಯ ಮೇಲೆ. ಗೋಕಾಕ ಮೂಡಲಗಿ ಸೀಮೆಯ ಕಬ್ಬು, ಜೋಳ, ಗೋವಿನಜೋಳ ಎಲ್ಲವೂ ಇದೇ ದಾರಿಯವು. ಕರಿಕೆ ಮತ್ತು ಜೇಕು ಕೂಡ. ಏಪ್ರಿಲ್ ಬಿಸಿಲಿನಲ್ಲಿ ಬದನೆ ಗಿಡ ಬಾಡಿ ನಿಂತಾಗ ಪಕ್ಕದ ಕರಿಕೆ ನಗುತ್ತಿರುವುದು ಈ ಕಾರಣಕ್ಕೆ.

ಈ ಬಲದಲ್ಲೇ ಅವುಗಳ ದೌರ್ಬಲ್ಯವೂ ಇದೆ. ಇಂಗಾಲವನ್ನು ಒತ್ತಿ ತುಂಬಲು ಹೆಚ್ಚು ಶಕ್ತಿ ಬೇಕು, ಅದು ಬರುವುದು ಬಿಸಿಲಿನಿಂದ. ಆದ್ದರಿಂದ ಕರಿಕೆಗೂ ಜೇಕಿಗೂ ನೆರಳೆಂದರೆ ಆಗದು. ದೊಡ್ಡ ಬೇವಿನ ಮರದ ಬುಡದಲ್ಲಿ ಕರಿಕೆ ಎಷ್ಟು ಬಡವಾಗಿರುತ್ತದೆ ಎಂದು ಯಾರಾದರೂ ಹೋಗಿ ನೋಡಬಹುದು. ಇದನ್ನು ನೆನಪಿಡೋಣ, ಮುಂದೆ ಬೇಕಾಗುತ್ತದೆ.

ಜೇಕಿನ ಗಡ್ಡೆ

1977ರಲ್ಲಿ ಲಿರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ ದೊಡ್ಡ ಪುಸ್ತಕವೊಂದನ್ನು ಹೊರತಂದರು. ಅದರಲ್ಲಿ ಮೊದಲ ಸ್ಥಾನ ಸೈಪರಸ್ ರೋಟುಂಡಸ್, ಅಂದರೆ ಜೇಕಿಗೆ. ಎರಡನೆಯದು ಕರಿಕೆಗೆ. ಜಗತ್ತಿನ ಮೊದಲೆರಡು ಕಳೆಗಳೂ ನಮ್ಮ ಹಿತ್ತಲಿನಲ್ಲಿ ಜೊತೆಯಾಗಿ ಬೆಳೆದಿವೆ! ಕುರಪಿ ಹಿಡಿದು ದಣಿದವರು ತಮ್ಮ ಮೈಗಳ್ಳತನವನ್ನು ಹಳಿದುಕೊಳ್ಳಬೇಕಿಲ್ಲ, ಎದುರಾಳಿ ಅಂಥವನು.

ಜೇಕು ಹುಲ್ಲಿನಂತೆ ಕಂಡರೂ ಹುಲ್ಲಲ್ಲ. ಹುಲ್ಲಿನ ದಂಟು ಸಾಮಾನ್ಯವಾಗಿ ಗುಂಡಗೆ, ಟೊಳ್ಳಾಗಿರುತ್ತದೆ. ಜೇಕಿನ ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಅಂಚು ಸಿಗುತ್ತವೆ, ಒಳಗೆ ಗಟ್ಟಿ ತಿರುಳು. ಅದರ ಗಂಟು ಇರುವುದು ಗಡ್ಡೆಗಳಲ್ಲಿ. ಕಡಲೆಕಾಳಿಗಿಂತ ತುಸು ದೊಡ್ಡದಾದ, ಕಪ್ಪು ಸಿಪ್ಪೆಯ ಗಡ್ಡೆಗಳು ಒಂದಕ್ಕೊಂದು ತೆಳ್ಳನೆಯ ಎಳೆಯಿಂದ ಸರದ ಮಣಿಗಳಂತೆ ಜೋಡಿಕೊಂಡಿರುತ್ತವೆ. ಆಯುರ್ವೇದದವರು ಭದ್ರಮುಷ್ಟಿ ಎಂದು ಬಳಸುವ, ಕಡಿದರೆ ಘಮ್ಮೆನ್ನುವ ಗಡ್ಡೆ ಇದೇ.

ಈ ಸರದ ತುದಿಯ ಗಡ್ಡೆ ಮೊಳೆತಿದ್ದರೆ ಹಿಂದಿನವು ಸುಮ್ಮನಿರುತ್ತವೆ. ತುದಿಯಿಂದ ಹೊರಡುವ ಹಾರ್ಮೋನಿನ ಸಂದೇಶ ಅವನ್ನು ನಿದ್ರೆಯಲ್ಲಿಡುತ್ತದೆ. ಕುರಪಿಯಿಂದ ಸರ ಕಡಿದಾಗ ಸಂದೇಶ ನಿಲ್ಲುತ್ತದೆ, ಮಲಗಿದ್ದ ಗಡ್ಡೆಗಳು ಎಚ್ಚರಗೊಳ್ಳುತ್ತವೆ. ಒಂದು ಕಿತ್ತಲ್ಲಿ ನಾಲ್ಕು ಹುಟ್ಟಿತು ಎಂದು ಹೊಲದಲ್ಲಿ ಹೆಣ್ಣುಮಕ್ಕಳು ಆಡುವ ಮಾತು ಅಕ್ಷರಶಃ ಸತ್ಯ.

ಹಾಗಾದರೆ ಕೀಳುವುದು ವ್ಯರ್ಥವೇ? ಇಲ್ಲ, ಕೀಳುವ ಹೊತ್ತು ಮುಖ್ಯ. ಮೊಳೆತ ಗಡ್ಡೆ ತನ್ನ ಪಿಷ್ಟ ಖರ್ಚು ಮಾಡಿ ಮೊದಲ ಎಲೆಗಳನ್ನು ಹೊರಗೆ ಕಳಿಸುತ್ತದೆ. ಆ ಎಲೆಗಳು ದುಡಿದು ಸಾಲ ತೀರಿಸಿ, ಮತ್ತೆ ಹೊಸ ಗಡ್ಡೆ ಕಟ್ಟಲು ಶುರುಮಾಡಲು ಸುಮಾರು ಮೂರು ವಾರ ಬೇಕು. ಎರಡು ವಾರಕ್ಕೊಮ್ಮೆ ತಪ್ಪದೆ ತೆಗೆದರೆ ಗಡ್ಡೆ ಬರೀ ಖರ್ಚಿನಲ್ಲೇ ಇರುತ್ತದೆ, ಗಳಿಕೆ ಒಂದು ಕಾಸೂ ಇಲ್ಲ. ಅದಕ್ಕೆ ಒಂದಕ್ಕಿಂತ ಹೆಚ್ಚು ಮೊಗ್ಗುಗಳಿರುವುದರಿಂದ ಮತ್ತೆ ಮತ್ತೆ ಚಿಗುರುತ್ತದೆ, ಪ್ರತಿಸಲವೂ ಇನ್ನಷ್ಟು ಸಣಕಲಾಗಿ. ತಿಂಗಳಿಗೊಮ್ಮೆ ದಿನವಿಡೀ ಬೆವರು ಸುರಿಸಿ ಕಿತ್ತವರಿಗೆ ಸಿಗದ ಫಲ ಹದಿನೈದು ದಿನಕ್ಕೊಮ್ಮೆ ಒಂದು ತಾಸು ಕೂತವರಿಗೆ ಸಿಗುತ್ತದೆ.

ಬೀಜದ ತಾಳ್ಮೆ

ಮೂರನೆಯ ಗಂಟು ಬೀಜ. ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಅಮೆರಿಕ ಖಂಡದಿಂದ ಬಂದ ಗಿಡ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗುರುತಿಸಿದ ಮೇಲೆ ಅದು ದೇಶವನ್ನೆಲ್ಲ ಆವರಿಸಿತು. ಒಂದೇ ಗಿಡ ಹದಿನೈದು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲದು. ಹೂ ಬಿಡುವ ಮುಂಚೆ, ಕೈಗೆ ಚೀಲವೋ ಬಟ್ಟೆಯೋ ಸುತ್ತಿಕೊಂಡು ಬುಡಸಹಿತ ಕೀಳಬೇಕು. ಬರಿಗೈಯಲ್ಲಿ ಮುಟ್ಟಿದರೆ ಹಲವರಿಗೆ ಚರ್ಮ ಕೆರೆದು ಉರಿಯುತ್ತದೆ. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಈ ಗಿಡದ ಎಲೆ ಜಾಲರಿಯಂತಾಗಿದ್ದರೆ ಅದು ಬಹುಪಾಲು ಆ ದುಂಬಿಯ ಕೆಲಸ.

ಉದುರಿದ ಬೀಜ ಎಷ್ಟು ಕಾಲ ಕಾಯಬಲ್ಲದು? 1879ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯಶಾಸ್ತ್ರಜ್ಞ ಇಪ್ಪತ್ತು ಬಾಟಲಿಗಳಲ್ಲಿ ಹಸಿ ಮರಳಿನ ಜೊತೆ ಕಳೆಬೀಜ ತುಂಬಿ ಹೂತಿಟ್ಟ. ರೈತರು ಎಷ್ಟು ವರ್ಷ ಕಳೆ ಕಿತ್ತರೆ ನೆಲ ಹಸನಾದೀತು ಎಂಬುದು ಅವನ ಪ್ರಶ್ನೆ. ಅವನು ತೀರಿಹೋದ ಮೇಲೂ ಒಂದೊಂದೇ ಬಾಟಲಿಯನ್ನು ತೆಗೆಯುತ್ತ ಬಂದಿದ್ದಾರೆ. 2021ರಲ್ಲಿ, 142 ವರ್ಷಗಳ ನಂತರ, ಹದಿನಾರನೆಯ ಬಾಟಲಿ ತೆಗೆದಾಗಲೂ ಅದರ ಕೆಲವು ಬೀಜಗಳು ಮೊಳೆತವು. ಎಲ್ಲ ಬೀಜಗಳಿಗೂ ಇಷ್ಟು ಆಯುಷ್ಯವಿಲ್ಲ, ಬಹಳಷ್ಟು ಕೆಲವೇ ವರ್ಷಗಳಲ್ಲಿ ಸಾಯುತ್ತವೆ. ಆದರೆ ಮಣ್ಣಿನಲ್ಲಿ ಬೀಜದ ಉಗ್ರಾಣವೊಂದು ಸದಾ ಇದೆ ಎಂಬುದು ಖಚಿತ.

ಹೂತ ಬೀಜಕ್ಕೆ ತನ್ನ ಹೊತ್ತು ಬಂತೆಂದು ತಿಳಿಯುವುದು ಬೆಳಕಿನಿಂದ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದವರು ಲೆಟ್ಯೂಸ್ ಬೀಜದ ಮೇಲೆ ಕೆಂಪು ಬೆಳಕು ಬಿಟ್ಟರು, ಮೊಳೆಯಿತು. ಆಮೇಲೆ ಕಣ್ಣಿಗೆ ಕಾಣುವ ಕೆಂಪಿನಾಚೆಯ ದೂರಗೆಂಪು ಬೆಳಕು ಬಿಟ್ಟರು, ಮೊಳೆಯಲಿಲ್ಲ. ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಯ ಬೆಳಕು ಹೇಳಿದ ಮಾತನ್ನೇ ಬೀಜ ಕೇಳಿತು. ಬೀಜದೊಳಗಿನ ಫೈಟೊಕ್ರೋಮ್ ಎಂಬ ವರ್ಣದ್ರವ್ಯದ ಕೆಲಸ ಇದು. ಹಸಿರೆಲೆ ಕೆಂಪನ್ನು ಹೀರಿ ದೂರಗೆಂಪನ್ನು ಕೆಳಗೆ ಬಿಡುತ್ತದೆ. ಆದ್ದರಿಂದ ದಟ್ಟ ಹುಲ್ಲಿನ ಕೆಳಗಿನ ಬೀಜಕ್ಕೆ, ಮೇಲೆ ಜಾಗವಿಲ್ಲ, ಮಲಗಿರು ಎಂಬ ಸುದ್ದಿ ಮುಟ್ಟುತ್ತದೆ. ನಾವು ಹುಲ್ಲು ಕೊಯ್ದು ಮಣ್ಣು ಮಗುಚಿದ ಕ್ಷಣ ಜಾಗ ಖಾಲಿಯಾಗಿದೆ ಎಂಬ ಸುದ್ದಿ ಹೋಗುತ್ತದೆ. ಬಹಳ ಕಾಲ ಹೂತಿದ್ದ ಎಷ್ಟೋ ಬೀಜಗಳಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಬಿಸಿಲೇ ಸಾಕು.

ನದಿಯ ದಂಡೆಯ ಊರುಗಳಿಗೆ ಈ ಉಗ್ರಾಣ ತುಂಬುವ ಇನ್ನೊಂದು ದಾರಿಯೂ ಇದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಗೇ ನುಗ್ಗಿದ್ದನ್ನು ಈ ಸೀಮೆ ಮರೆತಿಲ್ಲ. ಪ್ರವಾಹ ಇಳಿದಾಗ ಉಳಿಯುವ ಮೆಕ್ಕಲಿನಲ್ಲಿ ಮೇಲಿನ ಊರುಗಳ ಕಸದ ಬೀಜ, ಕರಿಕೆಯ ತುಂಡು, ಜೇಕಿನ ಗಡ್ಡೆ ಎಲ್ಲ ಬೆರೆತಿರುತ್ತವೆ. ಹಸಿ ತಿಪ್ಪೆಗೊಬ್ಬರವೂ ಹಾಗೆಯೇ. ದನದ ಹೊಟ್ಟೆಯಲ್ಲಿ ಹಾಯ್ದು ಬಂದ ಬೀಜಗಳಲ್ಲಿ ಹಲವು ಬದುಕಿರುತ್ತವೆ. ಗೊಬ್ಬರ ಒಳಗೆ 55–60 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯುವಂತೆ ಹಸಿಯಾಗಿ ಒಟ್ಟಿ, ನಡುವೆ ತಿರುವಿ ಹಾಕಿ ಕಳಿಸಿದರೆ ಹೆಚ್ಚಿನವು ಸಾಯುತ್ತವೆ. ನಾಲ್ಕು ತಿಂಗಳು ಬೆವರು ಸುರಿಸಿ ಹಸನು ಮಾಡಿದ ಮಡಿಗೆ ಕಳಿಯದ ಗೊಬ್ಬರ ಸುರಿಯುವುದೆಂದರೆ ಕೈಯಾರೆ ಕಸ ಬಿತ್ತಿದಂತೆ.

ಬೇಸಿಗೆಯೇ ದೊಡ್ಡ ಆಳು

ಈ ಮೂರೂ ಗಂಟುಗಳನ್ನು ಕರಗಿಸಲು ನಮ್ಮ ಸೀಮೆಗೆ ಪ್ರಕೃತಿ ಕೊಟ್ಟ ದೊಡ್ಡ ಆಳು ಬೇಸಿಗೆ. ಪಶ್ಚಿಮ ಘಟ್ಟದ ಮಳೆಯ ನೆರಳಿನಲ್ಲಿರುವ ಈ ಬಯಲಿನಲ್ಲಿ ಮಾರ್ಚಿನಿಂದ ಮೇ ವರೆಗೆ ಬಿಸಿಲು ಕಾಯುತ್ತದೆ. ಎರೆ ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಒಳಗಿನ ಹಸಿಯೂ ಆ ಬಿರುಕುಗಳ ಮೂಲಕ ಆರಿಹೋಗುತ್ತದೆ.

ಹಿಂಗಾರಿ ಫಸಲು ತೆಗೆದ ಮೇಲೆ, ನೆಲದಲ್ಲಿ ತುಸು ಹಸಿ ಇರುವಾಗಲೇ ರಂಟೆ ಹೊಡೆದು, ದೊಡ್ಡ ಹೆಂಟೆಗಳನ್ನು ಒಡೆಯದೆ ಹಾಗೇ ಬಿಡುವ ರೂಢಿ ನಮ್ಮ ಹಿರಿಯರದು. ಮಾಗಿ ಉಳುಮೆ ಎನ್ನುವುದು ಇದನ್ನೇ. ಹೆಂಟೆಯೊಳಗೆ ಸಿಕ್ಕ ಕರಿಕೆಯ ಬಿಳಿ ಹುರಿ ಬೇರಿನ ಆಸರೆ ಕಳೆದುಕೊಂಡು ಮಣ್ಣಿನ ಜೊತೆಗೇ ಒಣಗುತ್ತದೆ. ಜೇಕಿನ ಗಡ್ಡೆಗೂ ಒಣಗುವುದೆಂದರೆ ಸಾವು. ಅದೇ ಕರಿಕೆಯನ್ನು ಮಳೆಗಾಲದಲ್ಲಿ ಕಿತ್ತು ಮಡಿಯ ಮೇಲೆಯೇ ಎಸೆದರೆ ಮತ್ತೆ ಬೇರು ಬಿಡುತ್ತದೆ. ಹಿತ್ತಲಿನಲ್ಲಿ ರಂಟೆ ತಿರುಗದಿದ್ದರೆ, ಫೆಬ್ರುವರಿ ಹೊತ್ತಿಗೆ ಒಮ್ಮೆ ನೀರು ಬಿಟ್ಟು, ಮಣ್ಣು ಹದಕ್ಕೆ ಬಂದಾಗ ಹಲ್ಲಿರುವ ಗುದ್ದಲಿಯಿಂದ ಒಂದು ಗೇಣು ಆಳಕ್ಕೆ ಎತ್ತಿಹಾಕಬೇಕು. ಅಗಲ ಬಾಯಿಯ ಸಲಿಕೆ ಬೇರನ್ನು ತುಂಡರಿಸುತ್ತದೆ, ಹಲ್ಲಿನ ಗುದ್ದಲಿ ಉದ್ದಕ್ಕೇ ಎಳೆದು ತರುತ್ತದೆ. ಕೈಗೆ ಬಂದ ಹುರಿಗಳನ್ನೆಲ್ಲ ಆಯ್ದು ಕಲ್ಲಿನ ಮೇಲೆ ಹರವಿ ಬಿಸಿಲಿಗೆ ಒಣಗಿಸಬೇಕು. ಅದಕ್ಕೂ ಮೊದಲು ಮೇಲಿನ ಹುಲ್ಲನ್ನು ಎಮ್ಮೆಗೋ ಆಡಿಗೋ ಹಾಕಿದರೆ ಅದೂ ಲಾಭವೇ, ಕರಿಕೆ ಒಳ್ಳೆಯ ಮೇವು.

ಬೆಂಕಿ ಹಚ್ಚುವ ಆಸೆ ಬೇಡ. ಮಣ್ಣು ಕಾವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಮೇಲಿನ ಒಣಹುಲ್ಲು ಸುಟ್ಟು, ಅದರ ಸಾರಜನಕ ಹೊಗೆಯಾಗಿ ಹೋಗುತ್ತದೆ, ಎರಡು ಬೆರಳು ಕೆಳಗಿನ ಗಿಣ್ಣು ತಂಪಾಗಿಯೇ ಉಳಿಯುತ್ತದೆ. ಇನ್ನು ಗ್ಲೈಫೋಸೇಟ್. ಎಲೆಯ ಮೂಲಕ ಇಳಿದು ಬೇರಿನವರೆಗೆ ಹೋಗುವ ವಿಷ ಅದು. ಆದರೆ ಮಲಗಿರುವ ಗಡ್ಡೆಗಳಿಗೆ ಹೆಚ್ಚಾಗಿ ಮುಟ್ಟುವುದಿಲ್ಲ. ತರಬೇತಿಯುಳ್ಳ ಕೀಟನಿಯಂತ್ರಕರ ಹೊರತು ಬೇರೆಯವರು ಅದನ್ನು ಬಳಸದಂತೆ ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆಯನ್ನೂ ಹೊರಡಿಸಿತು. ಮಕ್ಕಳು ಆಡುವ, ಸೊಪ್ಪು ಕೊಯ್ಯುವ ಹಿತ್ತಲಿಗೆ ಅದರ ಹಂಗು ಬೇಕಿಲ್ಲ.

ಸಸಿ ಮಡಿಗೆ ಬೇಕಾದ ಸಣ್ಣ ಜಾಗದಲ್ಲಿ ಬೇಸಿಗೆಯನ್ನು ಇನ್ನೂ ಹರಿತ ಮಾಡಬಹುದು. ಇಸ್ರೇಲಿನ ಯಾಕೊವ್ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ವಿಧಾನವಿದು. ಮಣ್ಣನ್ನು ಚೆನ್ನಾಗಿ ನೆನೆಸಿ, ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು ನಾಲ್ಕರಿಂದ ಆರು ವಾರ ಬಿಡಬೇಕು. ಬಿಸಿಲು ಒಳಗೆ ಹೋಗುತ್ತದೆ, ಕಾವು ಹೊರಗೆ ಬರಲಾರದು. ಮೇಲಿನ ಪದರದ ಮಣ್ಣು 50 ಡಿಗ್ರಿಯ ಆಸುಪಾಸಿಗೆ ಏರಿ, ಬಹಳಷ್ಟು ಬೀಜಗಳೂ ರೋಗದ ಶಿಲೀಂಧ್ರಗಳೂ ಸಾಯುತ್ತವೆ. ಹಸಿ ಯಾಕೆಂದರೆ ಒಣ ಬೀಜ ಕಾವನ್ನು ತಾಳುತ್ತದೆ, ನೆನೆದ ಬೀಜ ತಾಳುವುದಿಲ್ಲ. ಕಪ್ಪು ಹಾಳೆ ಇಲ್ಲಿ ಅಷ್ಟು ಒದಗುವುದಿಲ್ಲ. ಕತ್ತಲಲ್ಲಿ ಜೇಕಿನ ಮೊಳಕೆ ಸೂಜಿಯಂತೆ ಮುಚ್ಚಿಕೊಂಡೇ ಬೆಳೆದು ಕಪ್ಪು ಹಾಳೆಯನ್ನು ತೂರಿ ಬರುತ್ತದೆ. ಪಾರದರ್ಶಕ ಹಾಳೆಯ ಕೆಳಗೆ ಬೆಳಕು ಸಿಕ್ಕೊಡನೆ ಎಲೆ ಬಿಚ್ಚಿ, ಅಲ್ಲೇ ಸಿಕ್ಕಿಬಿದ್ದು ಬೇಯುತ್ತದೆ. ಆಳದ ಗಡ್ಡೆಗಳು ಇದಕ್ಕೂ ಜಗ್ಗುವುದಿಲ್ಲ, ಅವಕ್ಕೆ ಎರಡು ವಾರದ ಕುರಪಿಯೇ ಮದ್ದು. ಕೆಲಸ ಮುಗಿದ ಹಾಳೆಯನ್ನು ಚೂರಾಗುವ ಮುಂಚೆ ಪೂರ್ತಿ ತೆಗೆದಿಡುವುದು ಮಣ್ಣಿಗೆ ನಾವು ಸಲ್ಲಿಸಬೇಕಾದ ಋಣ.

ಹುಟ್ಟಲು ಬಿಡಿ, ಆಮೇಲೆ ಹರಗಿ

ಭರಣಿ, ಕೃತ್ತಿಕೆಯ ಹೊತ್ತಿಗೆ ಒಂದೆರಡು ಅಡ್ಡಮಳೆ ಬೀಳುತ್ತವೆ. ಆಗ ಆತುರದಿಂದ ಬಿತ್ತಬಾರದು. ಹೆಂಟೆ ಒಡೆದು ನೆಲ ಸಮ ಮಾಡಿ ಸುಮ್ಮನಿರಬೇಕು. ಮೇಲಿನ ಪದರದ ಬೀಜಗಳು ಬೆಳಕೂ ಹಸಿಯೂ ಸಿಕ್ಕು ಮೊಳೆಯುತ್ತವೆ. ಎರಡೆಲೆ ಒಡೆದಾಗ ಒಂದು ಬೆರಳಿಗಿಂತ ಆಳ ಹೋಗದಂತೆ ಕುಂಟೆಯಿಂದಲೋ ಕುರಪಿಯಿಂದಲೋ ಹರಗಬೇಕು. ಹೀಗೆ ಎರಡು ಸಲ. ಮತ್ತೆ ಆಳಕ್ಕೆ ಕೆದಕಿದರೆ ಕೆಳಗಿನ ಉಗ್ರಾಣದಿಂದ ಹೊಸ ಬೀಜ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಆಳಕ್ಕೆ, ಮಳೆ ಬಿದ್ದ ಮೇಲೆ ತೆಳ್ಳಗೆ: ರಂಟೆ ಮತ್ತು ಕುಂಟೆ ಎಂಬ ಎರಡು ಬೇರೆ ಸಲಕರಣೆಗಳು ನಮ್ಮಲ್ಲಿರುವುದರ ಅರ್ಥ ಇದರಲ್ಲಿದೆ.

ಆಮೇಲೆ ನೆರಳಿನ ಸರದಿ. ಹಸನಾದ ನೆಲವನ್ನು ಬರಿದಾಗಿ ಬಿಟ್ಟರೆ ಯಾವುದಾದರೂ ಗಿಡ ಅದನ್ನು ಹಿಡಿದೇ ಹಿಡಿಯುತ್ತದೆ, ಯಾವುದೆಂದು ನಾವೇ ಆರಿಸಿದರೆ ಒಳಿತು. ಮಿರಗದಲ್ಲಿ ಸೆಣಬನ್ನು ಒತ್ತಾಗಿ ಬಿತ್ತಿದರೆ ಆರೇಳು ವಾರದಲ್ಲಿ ಎದೆಯುದ್ದ ಬೆಳೆದು ನೆಲಕ್ಕೆ ಬಿಸಿಲು ತಾಗದಂತೆ ಮಾಡುತ್ತದೆ. ದ್ವಿದಳ ಗಿಡವಾದ್ದರಿಂದ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನೂ ಕೂಡಿಡುತ್ತದೆ. ಕರಿಕೆಯ ಗಂಟು ಕರಗುತ್ತಿರುವಾಗಲೇ ಮಣ್ಣಿನ ಗಂಟು ಬೆಳೆಯುತ್ತದೆ. ಹೂ ಬಿಡುವ ಹೊತ್ತಿಗೆ ಕಡಿದು ಮಣ್ಣಿಗೆ ಸೇರಿಸಿದರೆ ಸೆಪ್ಟೆಂಬರ್ ಮಳೆಗೆ ಮಡಿ ಸಿದ್ಧ. ಕಾಯಲು ಆಗದವರು ಕುಂಬಳ, ಗೆಣಸು, ಅಲಸಂದೆಯಂಥ ಹರಡುವ ಬೆಳೆಯಿಂದಲೇ ಶುರು ಮಾಡಬಹುದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಮೊದಲ ವರ್ಷಕ್ಕೆ ಬೇಡ, ಅವುಗಳ ತೆಳ್ಳನೆಯ ಎಲೆ ನೆರಳು ಕೊಡುವುದಿಲ್ಲ.

ಬದನೆ, ಮೆಣಸಿನ ಸಾಲುಗಳ ನಡುವೆ ಕಬ್ಬಿನ ರವದಿ ಹೊದಿಸಬಹುದು. ಕಬ್ಬು ಕಡಿದ ಹೊಲಗಳಲ್ಲಿ ಸುಟ್ಟು ಹೋಗುವ ರವದಿಗೆ ಇದಕ್ಕಿಂತ ಗೌರವದ ಕೆಲಸವಿಲ್ಲ. ಅದನ್ನು ಮೇಲೆ ಹಾಸಬೇಕು, ಮಣ್ಣಿನೊಳಗೆ ಕಲಸಬಾರದು. ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಒಳಗೆ ಕಲಸಿದರೆ ಅದನ್ನು ಕಳಿಸಲು ಹೊರಟ ಸೂಕ್ಷ್ಮಜೀವಿಗಳು ಸಾಲದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಂಡು ಸಸಿಗಳನ್ನು ಹಳದಿ ಮಾಡುತ್ತವೆ.

ಎರಡು ಗುಂಟೆಯನ್ನೂ ಒಂದೇ ವರ್ಷ ಬಗೆಯಬೇಕೆಂದೇನೂ ಇಲ್ಲ. ನಾಲ್ಕು ವರ್ಷದ ಹುಲ್ಲಿನ ಬೇರುಗಳು ಮಣ್ಣನ್ನು ಹುಡಿಹುಡಿಯಾಗಿಸಿ, ಸತ್ತ ಬೇರುಗಳಿಂದ ಅದಕ್ಕೆ ಸತ್ವ ತುಂಬಿವೆ. ಪಾಳು ಬಿದ್ದ ಕಾಲದಲ್ಲಿ ಹಿತ್ತಲಿಗೆ ಸಂದ ಬಾಡಿಗೆ ಅದು. ಹದಿನೈದು ದಿನಕ್ಕೊಮ್ಮೆ ಕೂತು ಕಾಯಬಲ್ಲಷ್ಟು ಜಾಗವನ್ನು ಮಾತ್ರ ಬಿಡಿಸಿಕೊಂಡು, ಉಳಿದದ್ದನ್ನು ಬೀಜಕ್ಕೆ ಬಿಡದೆ ಕೊಯ್ದು ಮೇವು ಮಾಡುತ್ತಿದ್ದರೆ ಸಾಕು.

ಒಡ್ಡಿನ ಮೇಲಿನ ಕರಿಕೆಯನ್ನು ಮಾತ್ರ ಮುಟ್ಟಬಾರದು. ಎರೆ ಮಣ್ಣು ಮಳೆಗೆ ಬೇಗ ಕೊಚ್ಚಿಹೋಗುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಹೊಲಿಗೆ ಆ ಗಿಣ್ಣುಗಳೇ. ಮಡಿಗೂ ಒಡ್ಡಿಗೂ ನಡುವೆ ಒಂದು ಗೇಣು ಅಗಲದ ಕಾಲುವೆ ತೋಡಿ, ಅತ್ತಿಂದ ಹಾಯುವ ಬಳ್ಳಿಯನ್ನು ಆಗಾಗ ಕತ್ತರಿಸಿದರೆ ಎರಡೂ ಕಡೆ ನೆಮ್ಮದಿ. ಭಾದ್ರಪದದ ಚೌತಿಯಂದು ಗಣಪತಿಗೆ ಕರಿಕೆ ಬೇಕಾದಾಗ ಮಕ್ಕಳು ಓಡಿಹೋಗುವುದು ಆ ಒಡ್ಡಿಗೇ. ಈಚೆ ಮಡಿಯಲ್ಲಿ ಆ ಹೊತ್ತಿಗೆ ಸೆಣಬು ಮಣ್ಣಾಗುತ್ತಿರುತ್ತದೆ, ಬದನೆಯ ಸಸಿ ಹಚ್ಚಲು ನೆಲ ಹದಕ್ಕೆ ಬಂದಿರುತ್ತದೆ.